ಪರದೆಯ ಎಡಬದಿ

ಸಮತಾ ಆಟದಲ್ಲಿ ಯಾರನ್ನೂ ಕೊಲ್ಲುವುದಿಲ್ಲ. ಅದು ಅವಳ ತಾಯಿ ಚಂದ್ರಮತಿ ಹಾಕಿದ ಷರತ್ತು.

ತಾಯಿ ಮಗಳಿಬ್ಬರೂ ಸೇರಿ ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಪಾತ್ರೆ ಅಂಗಡಿ ನಡೆಸುತ್ತಾರೆ. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ ಕೂತಿದ್ದ ದಿನಗಳಲ್ಲಿ, ಬಿಲ್ಲು ಹಾಕಲೆಂದು ಕೊಂಡಿದ್ದ ಕಂಪ್ಯೂಟರು ಸುಮ್ಮನೆ ಧೂಳು ಹಿಡಿಯುತ್ತಿತ್ತು. ಅದನ್ನು ಕೂರಿಸಿಕೊಟ್ಟಿದ್ದ ಸಾಗರದ ನಟರಾಜ್ ಒಂದು ದಿನ ಫೋನ್ ಮಾಡಿ, "ಬೇಜಾರಾದ್ರೆ ನಮ್ ಜೊತೆ ಆಡ್ಬಹುದಲ್ಲ ಅಕ್ಕ" ಎಂದು ಒಂದು ಆನ್‌ಲೈನ್ ಆಟ ಹಾಕಿಕೊಟ್ಟ. ಆಡುವವರು ಒಬ್ಬೊಬ್ಬರೂ ಒಂದೊಂದು ವೇಷ ತೊಟ್ಟು, ತಂತಮ್ಮ ಮನೆಯಲ್ಲೇ ಕೂತು, ಒಂದೇ ಲೋಕದಲ್ಲಿ ಒಟ್ಟಾಗಿ ಅಲೆಯುವ ಆಟ ಅದು. ಗುಂಪು ಕಟ್ಟಿಕೊಂಡು ಹೋಗಿ ದೈತ್ಯರ ಜೊತೆ ಕಾದಾಡಬೇಕು. ನಟರಾಜನ ಗುಂಪಿನಲ್ಲಿದ್ದವರೆಲ್ಲ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರೇ. ಗುಂಪಿಗೆ ಇಕ್ಕೇರಿ ಪಡೆ ಎಂದು ಹೆಸರಿಟ್ಟುಕೊಂಡಿದ್ದರು.

ಎರಡನೆಯ ದಿನವೋ ಮೂರನೆಯ ದಿನವೋ ಚಂದ್ರಮತಿ ಬಂದು ಮಗಳ ಕುರ್ಚಿಯ ಹಿಂದೆ ನಿಂತರು.

"ಕೊಲ್ಲೋದೇನೇ ಇದು?"

"ಆಟ ಅಮ್ಮ. ಎಲ್ಲ ಗೊಂಬೆ."

"ಗೊಂಬೆಯೇ ಆಗ್ಲಿ. ಕೊಲ್ಬೇಕು ಅನ್ನೋ ಮನಸ್ಸು ನಿಂದಲ್ವಾ?"

ಬಸದಿಗೆ ಹೋಗಿಬರುವ ಜೈನರ ಮನೆಯಲ್ಲಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸಮತಾ ಕತ್ತಿ ಕೆಳಗಿಟ್ಟು ಹೀಲರ್ ಆದಳು. ಏಟು ತಿಂದವರ ಗಾಯ ಮಾಯಿಸುವುದು, ಬಿದ್ದವರನ್ನು ಎಬ್ಬಿಸುವುದು, ಅಷ್ಟೇ ಅವಳ ಕೆಲಸ. ಚಂದ್ರಮತಿಗೂ ಸಮಾಧಾನವಾಯಿತು. ಅವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಆಮೇಲಿನ ಉದ್ದನೆಯ ಸಂಜೆಯಲ್ಲಿ ತಾಯಿ ಜಪಕ್ಕೆ ಕೂತರೆ, ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಲಾಕ್‌ಡೌನ್ ಮುಗಿದು ಅಂಗಡಿಯ ಬಾಗಿಲು ತೆರೆದ ಮೇಲೂ ಆ ರೂಢಿ ಹಾಗೆಯೇ ಉಳಿಯಿತು.

ಹೀಲರ್ ಆದವರಿಗೆ ಆಟದ ಬೆಟ್ಟಗುಡ್ಡ, ಕೋಟೆ ಕೊತ್ತಲ ನೋಡಲು ಪುರುಸೊತ್ತಿರುವುದಿಲ್ಲ. ಗುಂಪಿನ ಪ್ರತಿಯೊಬ್ಬರ ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ಹಸಿರು ಪಟ್ಟಿಗಳು ಪರದೆಯ ಮೇಲಿರುತ್ತವೆ. ಕಣ್ಣೆಲ್ಲ ಅವುಗಳ ಮೇಲೆ. ಪಟ್ಟಿ ಎಲ್ಲಿರಬೇಕು, ಎಷ್ಟು ದಪ್ಪವಿರಬೇಕು, ಎಚ್ಚರಿಕೆ ಯಾವ ಮೂಲೆಯಲ್ಲಿ ಮಿನುಗಬೇಕು ಎಂಬುದನ್ನೆಲ್ಲ ಬದಲಾಯಿಸಿಕೊಳ್ಳಲು ಆಡ್‌ಆನ್‌ಗಳೆಂಬ ಚಿಕ್ಕಚಿಕ್ಕ ಪ್ರೋಗ್ರಾಮುಗಳಿವೆ. ಆಟ ಆಡುವವರೇ ಬರೆದು ಹಂಚಿಕೊಂಡಿರುವಂಥವು. ನಟರಾಜ್ ಮೊದಲು ಅವಳಿಗೆ ಒಂದು ಮೂಟೆಯಷ್ಟು ಆಡ್‌ಆನ್ ಕಳಿಸಿದ್ದ. ಎಲ್ಲವನ್ನೂ ಹಾಕಿಕೊಂಡು ನೋಡಿದರೆ ಪರದೆ ತುಂಬ ಗಡಿಯಾರ, ಬಾಣ, ಅಂಕಿ, ಮಿಣಮಿಣ ದೀಪ. ಇವಳು ಎಲ್ಲಿ ನೋಡಲಿ ಎಂದು ಹುಡುಕುವಷ್ಟರಲ್ಲಿ ಗುಂಪಿನ ಅರ್ಧ ಜನ ನೆಲಕ್ಕೆ ಬಿದ್ದಿದ್ದರು.

ಮರುದಿನ ಅವಳು ಎಲ್ಲ ಆಡ್‌ಆನ್‌ಗಳನ್ನು ಕಿತ್ತು ಹಾಕಿದಳು. ಬೋಳು ಪರದೆಯಲ್ಲಿ ಆಡಿದಳು. ಯಾವುದು ಇಲ್ಲದೆ ಕೈ ಕಟ್ಟಿದಂತಾಗುತ್ತದೋ ಅದೊಂದನ್ನು ಮಾತ್ರ ವಾಪಸ್ ಹಾಕಿದಳು. ಒಂದು ವಾರ ಹೀಗೆ ನಡೆದ ಮೇಲೆ ಅವಳ ಪರದೆ ಎಷ್ಟು ಶುಭ್ರವಾಯಿತೆಂದರೆ, ಅದರ ಚಿತ್ರ ನೋಡಿದ ನಟರಾಜ್, "ನಂದೂ ಹಿಂಗೇ ಮಾಡ್ಕೊಡಿ ಅಕ್ಕ" ಎಂದ. ಅವನ ಹಿಂದೆ ಉಳಿದವರೂ ಬಂದರು.

ಪರದೆಯ ಜೋಡಣೆಯನ್ನೆಲ್ಲ ಒಂದು ಉದ್ದನೆಯ ಅಕ್ಷರಗಳ ಸರವಾಗಿ ಕಳಿಸಬಹುದು. ಅದನ್ನು ಅಂಟಿಸಿಕೊಂಡರೆ ಆಯಿತು, ಇವಳು ಹೊಸನಗರದಲ್ಲಿ ಜೋಡಿಸಿದ ಪರದೆ ತೀರ್ಥಹಳ್ಳಿಯಲ್ಲಿ ತೆರೆದುಕೊಳ್ಳುತ್ತದೆ. ಹೀಗೆ ಸಮತಾ ಗುಂಪಿನ ಪ್ರತಿಯೊಬ್ಬರ ಪರದೆಯನ್ನೂ ತನ್ನ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಂಡಳು. ಆಟಕ್ಕೆ ಹೊಸ ಅಪ್‌ಡೇಟ್ ಬಂದ ದಿನ ಅರ್ಧಕ್ಕರ್ಧ ಆಡ್‌ಆನ್ ಕೆಟ್ಟು ಕೂರುತ್ತವೆ. ಆ ದಿನ ಅವಳ ಫೋನಿಗೆ ಬಿಡುವೇ ಇರುವುದಿಲ್ಲ. ಗಿರಾಕಿಗೆ ಕುಕ್ಕರಿನ ಮುಚ್ಚಳ ಹಾಕಿ ತೋರಿಸುತ್ತಲೇ ಭುಜಕ್ಕೂ ಕಿವಿಗೂ ನಡುವೆ ಫೋನ್ ಒತ್ತಿಕೊಂಡು, "ಮೊದ್ಲು ಅದನ್ನ ಬಂದ್ ಮಾಡಿ, ಆಮೇಲೆ ಇನ್ನೊಂದು" ಎನ್ನುತ್ತಿರುತ್ತಾಳೆ. ಮುಖ ನೋಡದವರ ಸ್ವಭಾವವೂ ಅವಳಿಗೆ ಪರದೆಯಿಂದಲೇ ಗೊತ್ತಾಯಿತು. ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಮಾಡುವ ರಕ್ಷಾಗೆ ಯಾವುದೂ ಮಿನುಗಬಾರದು. ನಟರಾಜನಿಗೆ ಎಲ್ಲದಕ್ಕೂ ಅಂಕಿ ಬೇಕು.

ದುರ್ಗೇಶನಿಗೆ ಮಾತ್ರ ಹೆಚ್ಚೇನೂ ಬೇಡ. "ಬಸ್ಸಿನ ಮೀಟ್ರು ಇದ್ದಂಗಿರ್ಲಿ ಸಮತಕ್ಕ. ನಾಕು ಇದ್ರೆ ಸಾಕು, ಆದ್ರೆ ಕಾಣ್ಬೇಕು" ಎಂದಿದ್ದ. ಅವನು ನಿಜಕ್ಕೂ ಬಸ್ಸಿನ ಡ್ರೈವರ್. ಆನಂದಪುರದವನು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸು ಓಡಿಸುತ್ತಿದ್ದ. ವಯಸ್ಸಿನಲ್ಲಿ ಸಮತಾಳಿಗಿಂತ ದೊಡ್ಡವನಾದರೂ ಗುಂಪಿನವರೆಲ್ಲ ಕರೆಯುವಂತೆ ಅಕ್ಕ ಎಂದೇ ಕರೆಯುತ್ತಿದ್ದ, ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಒಮ್ಮೆ ಅಂಗಡಿಗೇ ಬಂದು, ಹೆಂಡತಿ ಸುಪ್ರಿಯಾ ಹೇಳಿಕಳಿಸಿದ ಇಡ್ಲಿ ಪಾತ್ರೆ ಒಯ್ದಿದ್ದ. ಅಲ್ಲಿಂದಾಚೆ ಅಂಗಡಿಯ ಮುಂದೆ ಬಸ್ಸು ಹಾಯುವಾಗ ಸಮತಾ ಬಾಗಿಲಲ್ಲಿದ್ದರೆ ಕೈ ಎತ್ತುತ್ತಿದ್ದ. ಆಟದಲ್ಲಿ ಅವನು ಎಲ್ಲರಿಗಿಂತ ಮುಂದೆ ನಿಂತು ದೈತ್ಯನ ಏಟನ್ನೆಲ್ಲ ಮೈಮೇಲೆ ಹಾಕಿಕೊಳ್ಳುವವನು. ಅವನು ಬಿದ್ದರೆ ಉಳಿದವರೂ ಉಳಿಯುವುದಿಲ್ಲ. ಹಾಗಾಗಿ ಸಮತಾಳ ಕಣ್ಣು ಸದಾ ಅವನ ಪಟ್ಟಿಯ ಮೇಲೆ.

ಹೋದ ವರ್ಷ ದುರ್ಗೇಶ್ ಪದೇ ಪದೇ ಪರದೆ ಬದಲಾಯಿಸಲು ಹೇಳತೊಡಗಿದ. ಮೂಲೆಯ ನಕ್ಷೆಯನ್ನು ಸ್ವಲ್ಪ ಒಳಗೆ ತನ್ನಿ ಎಂದ. ತಂದಳು. ಎಡಗಡೆಯ ಗಡಿಯಾರ ಗಮನಕ್ಕೇ ಬರುವುದಿಲ್ಲ, ನಡುವಿಗೆ ಹಾಕಿ ಎಂದ. ಹಾಕಿದಳು. "ಈ ಮಾನಿಟರ್ ಭಾರಿ ಅಗಲ ಆಯ್ತು ಅಕ್ಕ" ಎಂದು ಒಂದು ಸಲ ನಕ್ಕ. ಆಮೇಲಾಮೇಲೆ ಅವಳಿಗೆ ಹೇಳದೆ ತಾನೇ ಒಂದೊಂದನ್ನು ಎಳೆದು ಜರುಗಿಸಿಕೊಳ್ಳುತ್ತಿದ್ದ.

ಒಂದು ಸಂಜೆ ದೊಡ್ಡ ಕಾಳಗ. ಎಡಗಡೆಯಿಂದ ಬೆಂಕಿಯ ಅಲೆ ಬಂತು. ಬರುವ ಮೊದಲು ಪರದೆಯ ಎಡ ಅಂಚಿನಲ್ಲಿ ಕೆಂಪು ಬಾಣ ಮಿನುಗಿತು. ಎಲ್ಲರೂ ಸರಿದರು, ದುರ್ಗೇಶ್ ನಿಂತಲ್ಲೇ ನಿಂತಿದ್ದ. ಅವನು ಸುಟ್ಟುಹೋದ, ಅವನ ಹಿಂದೆ ಇಡೀ ಪಡೆ.

"ಎಂತಾಯ್ತು ಮಾರಾಯ?" ಎಂದ ನಟರಾಜ್.

"ಬಾಣ ಬರ್ಲೇ ಇಲ್ಲ ಕಣೋ. ಆಡ್‌ಆನ್ ಕೆಟ್ಟಿದೆ. ಸಮತಕ್ಕ, ಸ್ವಲ್ಪ ನೋಡಿ."

ಅವಳು ಅವನಿಂದ ಪರದೆಯ ಜೋಡಣೆ ತರಿಸಿಕೊಂಡು ತನ್ನ ಕಂಪ್ಯೂಟರಿಗೆ ಹಾಕಿದಳು. ಆಡ್‌ಆನ್ ಸರಿಯಾಗಿಯೇ ಇತ್ತು. ಬಾಣವೂ ಎಡ ಅಂಚಿನಲ್ಲೇ ಬಂತು. ಆದರೆ ಪರದೆ ನೋಡಿ ಅವಳು ಕೈಯನ್ನು ಮೌಸಿನಿಂದ ತೆಗೆದಳು. ನಕ್ಷೆ, ಪಟ್ಟಿ, ಗಡಿಯಾರ, ಹೆಸರು ಎಲ್ಲವೂ ನಟ್ಟನಡುವೆ ಒಂದರ ಮೇಲೊಂದು ಏರಿಕೊಂಡು ಕೂತಿದ್ದವು. ಸುತ್ತ ಖಾಲಿ. ಆ ಗುಂಪೆಯ ಹಿಂದೆ ದೈತ್ಯನೇ ಕಾಣುತ್ತಿರಲಿಲ್ಲ. ಇಷ್ಟೊಂದು ಜಾಗವಿರುವಾಗ ಯಾರಾದರೂ ಹೀಗೇಕೆ ಇಟ್ಟುಕೊಳ್ಳುತ್ತಾರೆ?

ಜಪ ಮುಗಿಸಿದ ತಾಯಿ ಕರೆದದ್ದು ಅವಳಿಗೆ ಕೇಳಿಸಲಿಲ್ಲ.

ಮರುದಿನ ಸಂಜೆ ಅವಳು ದುರ್ಗೇಶನಿಗೆ ಒಂದು ಹೊಸ ಜೋಡಣೆ ಕಳಿಸಿದಳು. ಅದರಲ್ಲಿ ಏನೂ ಇಲ್ಲ. ಕಪ್ಪು ಪರದೆ, ನಡುವೆ ಒಂದು ಚುಕ್ಕೆ. ಆಗಾಗ ಎಲ್ಲೋ ಒಂದು ಕಡೆ ಬಿಳಿ ದೀಪ ಹೊತ್ತಿ ಆರುವಂತೆ ಮಾಡಿದ್ದಳು. ಅವನ ಪರದೆ ತನಗೂ ಕಾಣುವಂತೆ ಹಂಚಿಕೊಳ್ಳಲು ಹೇಳಿದಳು.

"ಬಾಣ ಎಲ್ಲಿಡೋದು ಅಂತ ನೋಡಣ ಅಣ್ಣ. ನಡುವಿನ ಚುಕ್ಕೆ ಬಿಟ್ಟು ಕಣ್ಣು ಅಲ್ಲಾಡಿಸ್ಬೇಡಿ. ದೀಪ ಹತ್ತಿದ್ ಕೂಡ್ಲೆ ಹೂಂ ಅನ್ನಿ."

"ಆಯ್ತು, ಶುರು ಮಾಡಿ."

ಬಲಗಡೆ ಒಂದು ದೀಪ ಹೊತ್ತಿತು. "ಹೂಂ" ಎಂದ. ಎಡ ಮೇಲ್ಗಡೆ ಹೊತ್ತಿತು. ಮಾತಿಲ್ಲ. ಎಡ ನಡುವಿನಲ್ಲಿ, ಎಡ ಕೆಳಗೆ, ಮತ್ತೆ ಎಡ ನಡುವಿನಲ್ಲಿ ಇನ್ನೂ ದೊಡ್ಡದಾಗಿ ಹೊತ್ತಿತು. ಹೆಡ್‌ಫೋನಿನಲ್ಲಿ ಅವನ ಮನೆಯ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು.

"ನಿಂತೋಯ್ತೇನಕ್ಕ?" ಎಂದ ದುರ್ಗೇಶ್. "ಒಂದೇ ಬಂದಿದ್ದು."

ಸುತ್ತಿ ಬಳಸಿ ಹೇಳುವುದು ಸಮತಾಳಿಗೆ ಬರುತ್ತಿರಲಿಲ್ಲ.

"ನಿಲ್ಲಲಿಲ್ಲ ಅಣ್ಣ. ಎಡಗಡೆ ಸುಮಾರು ಸಲ ಬಂತು. ನಿಮಗೆ ಕಾಣ್ಲಿಲ್ಲ. ಒಂದ್ಸಲ ಕಣ್ಣಿನ ಡಾಕ್ಟ್ರಿಗೆ ತೋರಿಸಿ."

ಅವನು ಮೊದಲು ನಕ್ಕ. ಆಮೇಲೆ ದನಿ ಬಿಗಿಯಾಯಿತು. "ಕಣ್ಣಿಗೆಂತ ಆಗಿದೆ? ಮೊನ್ನೆ ಕನ್ನಡಕದಂಗಡೀಲಿ ಬೋರ್ಡಿನ ಕೊನೇ ಸಾಲು ತನಕ ಓದಿದೀನಿ ನಾನು. ದಿನಾ ಅಷ್ಟು ಜನ ಕೂರಿಸ್ಕೊಂಡು ಬಸ್ಸು ಬಿಡೋನಿಗೆ ನೀವು ಕಣ್ಣು ಕಾಣಲ್ಲ ಅಂತೀರಲ್ಲ."

"ಬಸ್ಸು ಬಿಡ್ತೀರಿ ಅಂತಾನೇ ಹೇಳಿದ್ದು."

ಲೈನ್ ಕಟ್ ಆಯಿತು. ಅಂದಿನಿಂದ ದುರ್ಗೇಶ್ ಆಟಕ್ಕೆ ಬರಲಿಲ್ಲ.

ಬಸ್ಸು ಮಾತ್ರ ದಿನವೂ ಅಂಗಡಿಯ ಮುಂದೆ ಹಾಯುತ್ತಿತ್ತು. ಸಮತಾ ಬಾಗಿಲಲ್ಲಿ ನಿಂತು ಕೈ ಎತ್ತಿದಳು. ಅವನು ತಿರುಗಿ ನೋಡಲಿಲ್ಲ. ಸಿಟ್ಟು ಎಂದುಕೊಂಡಳು. ಆಮೇಲೆ ನೆನಪಾಯಿತು, ಸಿಟ್ಟಿಗಿಂತ ಎಷ್ಟೋ ತಿಂಗಳ ಮೊದಲೇ ಅವನು ಕೈ ಎತ್ತುವುದನ್ನು ಬಿಟ್ಟಿದ್ದ. ತೀರ್ಥಹಳ್ಳಿಗೆ ಹೋಗುವಾಗ ಅಂಗಡಿ ಇರುವುದು ಬಸ್ಸಿನ ಎಡಕ್ಕೆ.

ಆ ಸಂಜೆ ಊಟಕ್ಕೆ ಕೂತಾಗ ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು. ಚಂದ್ರಮತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಹುಂಚದ ಬಸದಿಗೆ ನಾನು ಹೋಗೋದು ಅದೇ ಬಸ್ಸಲ್ಲಲ್ವೇನೇ?"

"ಹೂಂ."

"ನಾನೊಬ್ಳೇ ಅಲ್ಲ, ಸ್ಕೂಲಿನ ಮಕ್ಳೆಲ್ಲ ಬರ್ತಾವೆ ಅದ್ರಲ್ಲಿ. ಫೋನಲ್ಲಿ ಹೇಳೋ ಮಾತಲ್ಲ ಇದು. ನಾಳೆ ನೀನೇ ಹೋಗು. ಅಂಗಡಿ ನಾನು ನೋಡ್ಕೋತೀನಿ."

ಮರುದಿನ ಸಮತಾ ಆ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ದುರ್ಗೇಶ್ ಕನ್ನಡಿಯಲ್ಲಿ ಅವಳನ್ನು ನೋಡಿ ಗೇರ್ ಹಾಕಿದ. ಬಸ್ಸು ಚೆನ್ನಾಗಿಯೇ ಓಡುತ್ತಿತ್ತು. ತಿರುವುಗಳಲ್ಲಿ ಅವನ ಕೈ ಸ್ಟೇರಿಂಗಿನ ಮೇಲೆ ಎಷ್ಟು ಸಲೀಸಾಗಿ ಆಡುತ್ತಿತ್ತೆಂದರೆ, ತಾನೇ ತಪ್ಪು ತಿಳಿದೆನೇನೋ ಎಂದು ಅವಳಿಗೆ ಅನುಮಾನ ಬಂತು. ಹುಂಚ ದಾಟಿ ಸ್ವಲ್ಪ ದೂರ ಹೋದ ಮೇಲೆ ಎಡಗಡೆಯ ಮಣ್ಣುರಸ್ತೆಯಿಂದ ಒಂದು ಬೈಕು ಮೇಲೆ ಬಂತು. ಹಿಂದೆ ಹೆಂಗಸೊಬ್ಬಳು ಹುಲ್ಲಿನ ಹೊರೆ ಹಿಡಿದು ಕೂತಿದ್ದಳು. ಸಮತಾ ಅದನ್ನು ದೂರದಿಂದಲೇ ನೋಡಿದಳು. ಬಸ್ಸಿನ ವೇಗ ತಗ್ಗಲಿಲ್ಲ.

"ಅಣ್ಣ, ಲೆಫ್ಟಲ್ಲಿ ಬೈಕು!" ಎಂದು ಬಾಗಿಲಲ್ಲಿದ್ದ ಕಂಡಕ್ಟರ್ ಶಿವಮೂರ್ತಿ ತಗಡು ಬಡಿದ.

ದುರ್ಗೇಶ್ ಬ್ರೇಕ್ ಒತ್ತಿದ. ಬಸ್ಸು ಜಗ್ಗಿ ನಿಂತಿತು. ಬೈಕಿನವನು ಏನೋ ಬೈದು ಮುಂದೆ ಹೋದ. ಯಾರಿಗೂ ಏನೂ ಆಗಲಿಲ್ಲ. ಪ್ರಯಾಣಿಕರು ಬಿದ್ದ ಚೀಲಗಳನ್ನು ಎತ್ತಿಕೊಂಡರು. ಶಿವಮೂರ್ತಿ ಹಾಗೆ ಕೂಗಿದ್ದು ಅದೇ ಮೊದಲಲ್ಲ ಎಂಬುದು ಅವನ ದನಿಯಲ್ಲೇ ತಿಳಿಯುತ್ತಿತ್ತು.

ತೀರ್ಥಹಳ್ಳಿಯ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೂ ದುರ್ಗೇಶ್ ಸೀಟು ಬಿಟ್ಟು ಏಳಲಿಲ್ಲ. ಸಮತಾ ಕೆಳಗೆ ಹೋಗಿ ಎರಡು ಲೋಟ ಚಹ ತಂದು ಒಂದನ್ನು ಅವನ ಕೈಗೆ ಕೊಟ್ಟಳು.

"ಎಡಗಡೆ ಕನ್ನಡಿ ಸರಿಯಿಲ್ಲ ಅಂತ ಎರಡ್ಸಲ ಬದಲಾಯಿಸಿದೆ ಅಕ್ಕ," ಎಂದ ಅವನು ಲೋಟವನ್ನೇ ನೋಡುತ್ತ. "ಗ್ಯಾರೇಜಿನವನ ಜೊತೆ ಜಗಳ ಆಡಿದೆ. ತಪ್ಪು ಕನ್ನಡೀದಲ್ಲ ಅಂತ ನಂಗೂ ಒಳಗೊಳಗೆ ಗೊತ್ತಿತ್ತು."

"ಬಸ್ಸು ಬಿಟ್ಬಿಡಿ ಅಂತ ಹೇಳಕ್ಕೆ ಬಂದಿಲ್ಲ ಅಣ್ಣ. ಅದನ್ನ ಡಾಕ್ಟ್ರು ಹೇಳ್ಲಿ. ತೋರಿಸಿ ಅಂತ ಅಷ್ಟೇ."

"ಬಸ್ಸು ಬಿಡ್ದೆ ಇದ್ರೆ ನಾನೆಂತ ಮಾಡ್ಲಿ? ನಂಗೆ ಬೇರೆ ಎಂತ ಬತ್ತದೆ?"

ಇಬ್ಬರೂ ಚಹ ಕುಡಿದು ಮುಗಿಸಿದರು. ಆಮೇಲೆ ದುರ್ಗೇಶ್ ಫೋನ್ ತೆಗೆದು ಮಾಲೀಕನಿಗೆ, ಮೈ ಹುಷಾರಿಲ್ಲ, ವಾಪಸ್ ಟ್ರಿಪ್ಪಿಗೆ ಬೇರೆಯವರನ್ನು ಕಳಿಸಿ ಎಂದ. ತೀರ್ಥಹಳ್ಳಿಯಲ್ಲೇ ಇದ್ದ ಇನ್ನೊಬ್ಬ ಡ್ರೈವರ್ ಬಂದ. ದುರ್ಗೇಶ್ ತನ್ನದೇ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಟ. ಎಷ್ಟೋ ವರ್ಷದಿಂದ ಅದೇ ರಸ್ತೆಯಲ್ಲಿ ಓಡಾಡಿದವನು ಪಕ್ಕಕ್ಕೆ ತಲೆ ತಿರುಗಿಸಿ ಊರುಗಳನ್ನು ನೋಡುತ್ತಿದ್ದ. "ಇಲ್ಲೊಂದು ಕೆರೆ ಇದೆ ಅಂತ್ಲೇ ಗೊತ್ತಿರ್ಲಿಲ್ಲ ನೋಡಿ" ಎಂದ ಒಂದು ಕಡೆ.

ಅದೇ ವಾರ ಸುಪ್ರಿಯಾ ಅವನನ್ನು ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಅವನನ್ನು ಒಂದು ಬಿಳಿ ಗೋಳದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರಂತೆ. "ಈ ಆಟ ನಾನು ಮನೇಲೇ ಆಡಿ ಬಂದೀನಿ ಸಿಸ್ಟರ್" ಎಂದನಂತೆ ದುರ್ಗೇಶ್. ಕಣ್ಣಿನ ಒಳಗಿನ ಒತ್ತಡ ಏರಿ ನರ ಸವೆಯುವ ಕಾಯಿಲೆ ಅದು, ಗ್ಲಾಕೋಮಾ. ನೋವಿರುವುದಿಲ್ಲ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿದ್ದು ಅಂಚುಗಳು ಮೆಲ್ಲಗೆ ಕರಗಿಹೋಗುತ್ತವೆ. ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ತಪ್ಪದೆ ಔಷಧಿಯ ಹನಿ ಹಾಕಿಕೊಂಡರೆ ಇರುವುದನ್ನು ಉಳಿಸಿಕೊಳ್ಳಬಹುದು. ಬಸ್ಸಂತೂ ಬೇಡ.

ಕೆಲವು ದಿನಗಳ ಮೇಲೆ ಸುಪ್ರಿಯಾ ಪಾತ್ರೆ ಅಂಗಡಿಗೆ ಬಂದಳು. ತೆಳ್ಳಗಿನ, ನೇರ ಮಾತಿನ ಹೆಂಗಸು.

"ಸಮತಾ ಅಂದ್ರೆ ನೀವೇನಾ? ನಿಮ್ಮ ಮೇಲೆ ಬಾಳ ಸಿಟ್ಟಿತ್ತು ನಂಗೆ. ಯಾರೋ ಹೆಂಗಸು ಕಂಪ್ಯೂಟರಲ್ಲಿ ಎಂತದೋ ಹೇಳಿದ್ಲು ಅಂತ ಮನುಷ್ಯ ಊಟ ಬಿಟ್ಟು ಕೂತಿದ್ರು."

ಸಮತಾ ಸ್ಟೂಲು ಕೊಟ್ಟಳು. ಸುಪ್ರಿಯಾ ಕೂತು ಸುಧಾರಿಸಿಕೊಂಡು, "ಇನ್ನೊಂದು ವರ್ಷ ಬಿಟ್ಟಿದ್ರೆ ಬಲಗಡೇದೂ ಹೋಗ್ತಿತ್ತಂತೆ" ಎಂದಳು. ಆಮೇಲೆ ಅವಳ ಕಣ್ಣು ತುಂಬಿತು. ಚಂದ್ರಮತಿ ಒಳಗಿನಿಂದ ಬೆಲ್ಲ ನೀರು ತಂದಿಟ್ಟು, ಅಳುವವಳನ್ನು ಅವಳ ಪಾಡಿಗೆ ಬಿಟ್ಟು, ಪಕ್ಕದಲ್ಲಿ ಸುಮ್ಮನೆ ಕೂತರು.

ಬಸ್ಸಿನ ಮಾಲೀಕ ದುರ್ಗೇಶನನ್ನು ಕೈಬಿಡಲಿಲ್ಲ. ಸಾಗರದ ಸ್ಟ್ಯಾಂಡಿನಲ್ಲಿ ತನ್ನ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಏಜೆಂಟ್ ಕೆಲಸ ಕೊಟ್ಟ. ಮೊದಮೊದಲು ದುರ್ಗೇಶನಿಗೆ ಅದು ಬಹಳ ಅವಮಾನವೆನಿಸಿತು. ಸ್ಟೇರಿಂಗ್ ಹಿಡಿದವನು ಕೆಳಗೆ ನಿಂತು ಊರಿನ ಹೆಸರು ಕೂಗಬೇಕಲ್ಲ ಎಂದು. ಆಟದ ಕಡೆ ತಿಂಗಳುಗಟ್ಟಲೆ ತಲೆ ಹಾಕಲಿಲ್ಲ. ಸಮತಾ ಕರೆಯಲೂ ಇಲ್ಲ. ನಟರಾಜ್ ಮಾತ್ರ ಸ್ಟ್ಯಾಂಡಿನ ಕಡೆ ಹೋದಾಗಲೆಲ್ಲ ಒಂದು ಚಹ ಕುಡಿಸಿ ಬರುತ್ತಿದ್ದ. ಒಂದು ದಿನ ಅವನೇ ಸುದ್ದಿ ತಂದ: "ದುರ್ಗೇಶ ಕೇಳ್ತಿದ್ದ ಅಕ್ಕ. ನನ್ ಸ್ಕ್ರೀನು ಇನ್ನೂ ಇಟ್ಟಿದಾರಾ, ಇಲ್ಲಾ ಡಿಲೀಟ್ ಮಾಡಿದ್ರಾ ಅಂತ."

ಡಿಲೀಟ್ ಮಾಡಿರಲಿಲ್ಲ. ಆದರೆ ಅದು ಈಗ ಕೆಲಸಕ್ಕೆ ಬರುವಂತಿರಲಿಲ್ಲ. ಸಮತಾ ಬೋಳು ಪರದೆಯಿಂದ ಮತ್ತೆ ಶುರುಮಾಡಿದಳು. ಅವನಿಗೆ ಕಾಣುವ ಜಾಗ ಎಷ್ಟೆಂದು ಫೋನಿನಲ್ಲಿ ಕೇಳಿ ಕೇಳಿ ಗುರುತು ಹಾಕಿಕೊಂಡಳು. ಅಷ್ಟರೊಳಗೆ ದೈತ್ಯನೂ ಕಾಣಬೇಕು, ಪಟ್ಟಿಯೂ ಕಾಣಬೇಕು. ನಕ್ಷೆ ತೆಗೆದಳು, ಹೆಸರುಗಳನ್ನು ತೆಗೆದಳು. ಉಳಿದದ್ದು ಎಡ ಬಲದ ಎಚ್ಚರಿಕೆ. ಅದು ಕಣ್ಣಿಗೆ ಬೇಡ, ಕಿವಿಗೆ ಬರಲಿ ಎಂದು ಯೋಚಿಸಿದಳು. ಬಾಣದ ಬದಲು ದನಿ ಕೇಳಿಸುವ ಆಡ್‌ಆನ್ ಇತ್ತು, ಅದರಲ್ಲಿ ಇರುವುದು ಇಂಗ್ಲಿಷ್. ನಮ್ಮದೇ ದನಿ ಹಾಕಬಹುದು. ತನ್ನ ದನಿಯನ್ನೇ ಹಾಕಿ ನೋಡಿದಳು. ಆದರೆ ಆಡುವಾಗ ಅವಳು ಮಾತಾಡುತ್ತಲೇ ಇರುತ್ತಾಳೆ. ಯಾವುದು ಆಡ್‌ಆನ್, ಯಾವುದು ಸಮತಾ ಎಂದು ಅವನಿಗೆ ತಿಳಿಯುವುದು ಹೇಗೆ?

"ಅಮ್ಮ, ಇಲ್ಲಿ ಬಾ ಸ್ವಲ್ಪ. ಈ ಮೈಕಲ್ಲಿ ಎಡಕ್ಕೆ ಅಂತ ಹೇಳು."

"ಯಾರಿಗೆ?"

"ದುರ್ಗೇಶಣ್ಣಂಗೆ."

ಚಂದ್ರಮತಿ ಸೆರಗು ಸರಿಮಾಡಿಕೊಂಡು, ಮೈಕಿಗೆ ಬಾಯಿ ಹತ್ತಿರ ತಂದು, ಎದುರಿಗೇ ಕೂತವನಿಗೆ ಹೇಳುವಂತೆ, "ಎಡಗಡೆ ನೋಡ್ಕೊಳಪ್ಪ" ಎಂದರು. "ಬಲಕ್ಕೆ ಬಾ ಮಗ" ಎಂದರು. "ಹಿಂದೆ ಸರಿ, ಹಿಂದೆ ಸರಿ" ಎಂದು ಒಂದು ಸಲ ಗಾಬರಿಯಿಂದ ಹೇಳಿದ್ದು ತುಂಬ ಚೆನ್ನಾಗಿ ಬಂತು.

ಆ ಸಂಜೆ ಇಕ್ಕೇರಿ ಪಡೆ ಪೂರ್ತಿಯಾಗಿ ಸೇರಿತ್ತು. ಮುಂದೆ ನಿಲ್ಲುವ ಕೆಲಸ ಈಗ ರಕ್ಷಾಳದು. ದುರ್ಗೇಶ್ ಬಿಲ್ಲು ಹಿಡಿದು ಹಿಂದೆ ನಿಂತ. ಮೊದಲ ಬೆಂಕಿ ಎಡದಿಂದ ಬಂದಾಗ ಅವನ ಹೆಡ್‌ಫೋನಿನಲ್ಲಿ ಚಂದ್ರಮತಿಯವರ ದನಿ ಬಂತು. ಅವನು ಸರಿದುಕೊಂಡ.

"ಯಾರದು ದನಿ?"

"ನಮ್ಮಮ್ಮಂದು."

"ನಮ್ಮವ್ವ ಹಿಂಗೇ ಕೂಗ್ತಿದ್ಲು, ಹೊಳೆ ದಾಟ್ಬೇಕಾದ್ರೆ" ಎಂದ ದುರ್ಗೇಶ್. ಆಮೇಲೆ, "ಬಾಣ ಬಿಡ್ತಾ ಇದೀನಿ, ನೋಡ್ಕೊಳ್ಳಿ ಎಲ್ಲಾ" ಎಂದು ಜೋರಾಗಿ ಹೇಳಿದ. ಅವತ್ತು ಅವರು ಗೆಲ್ಲಲಿಲ್ಲ. ಮಾರನೇ ವಾರ ಗೆದ್ದರು. ಆ ದನಿ ತಮಗೂ ಬೇಕೆಂದು ರಕ್ಷಾ, ನಟರಾಜ್ ಇಬ್ಬರೂ ಹಾಕಿಸಿಕೊಂಡರು.

ಈಗ ಸಮತಾ ಅಂಗಡಿಯ ಸಾಮಾನು ತರಲು ಸಾಗರಕ್ಕೆ ಹೋದಾಗ ಸ್ಟ್ಯಾಂಡಿನಲ್ಲಿ ದುರ್ಗೇಶ್ ಸಿಗುತ್ತಾನೆ. ಅವಳ ರಟ್ಟಿನ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹಾಕಿಸಿ, "ಮುಂದೆ ಕೂರ್ಬೇಡಿ, ಮಧ್ಯ ಕೂರಿ, ಕುಲುಕಲ್ಲ" ಎನ್ನುತ್ತಾನೆ. ಕೆಲಸ ಒಗ್ಗಿದೆ. ಯಾವ ಬಸ್ಸಿಗೆ ಯಾವ ಊರಿನ ಅಜ್ಜಿ ಬರುತ್ತಾಳೆ, ಯಾರಿಗೆ ಒಂದು ನಿಮಿಷ ಕಾಯಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಮೊನ್ನೆಯೂ ಹಾಗೆಯೇ ಅವಳನ್ನು ಕೂರಿಸಿ, ಬಾಗಿಲಿನ ತಗಡು ತಟ್ಟಿ ಬಸ್ಸು ಹೊರಡಿಸಿದ. ಆಚೆ ಬದಿಯಲ್ಲಿ ಇನ್ನೊಂದು ಬಸ್ಸು ಬಂದು ನಿಂತಿತ್ತು. ಡಾಕ್ಟರು ಕಲಿಸಿಕೊಟ್ಟಂತೆ ಅವನು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದ, ಪೂರ್ತಿ ಬಲಕ್ಕೆ ತಿರುಗಿಸಿದ, ಆಮೇಲೆ ನಿಧಾನವಾಗಿ ದಾಟಿ ಹೋಗಿ, "ಹೊಸನಗರ, ಹುಂಚ, ತೀರ್ಥಹಳ್ಳಿ" ಎಂದು ಕೂಗತೊಡಗಿದ.